ಮೂರು ಕಿಲೊ ಇಳಿಸಿದ್ದಕ್ಕೆ ಸಿಕ್ಕ ತಿರಸ್ಕಾರ: ವಿಮಾ ಸಂಸ್ಥೆಗಳ ವೈದ್ಯಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯರೇ,

ಆರು ತಿಂಗಳು ಪಥ್ಯ ಮಾಡಿ ನಾನು ಮೂರು ಕಿಲೊ ತೂಕ ಇಳಿಸಿದೆ. ಆ ಮೂರು ಕಿಲೊ ಇಳಿದದ್ದರಿಂದಲೇ ಬೊಜ್ಜು ಇಳಿಸುವ ನನ್ನ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಗೆ ವಿಮೆಯ ಪೂರ್ವಾನುಮತಿ ಸಿಗಲಿಲ್ಲ.

ಲೆಕ್ಕ ಹೀಗಿದೆ. ನನ್ನ ಎತ್ತರ 158 ಸೆಂಟಿಮೀಟರ್. ಮೊದಲ ದಿನ ಆಸ್ಪತ್ರೆಯ ತೂಕದ ಯಂತ್ರ ತೋರಿಸಿದ್ದು 101 ಕಿಲೊ. ಅಂದರೆ ಬಿಎಂಐ, ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, 40.5. ಬೇರೆ ಗಂಭೀರ ಕಾಯಿಲೆ ಇಲ್ಲದವರಿಗೆ ಬಿಎಂಐ 40 ಇರಬೇಕು ಎಂಬುದು ಪಾಲಿಸಿಯ ಒಂದು ಷರತ್ತು. ಶಸ್ತ್ರಚಿಕಿತ್ಸೆಗೆ ಮುನ್ನ ಆರು ತಿಂಗಳು ವೈದ್ಯರ ಮೇಲ್ವಿಚಾರಣೆಯಲ್ಲಿ ತೂಕ ಇಳಿಸಲು ಪ್ರಯತ್ನಿಸಿರಬೇಕು ಎಂಬುದು ಇನ್ನೊಂದು. ಎರಡನೆಯ ಷರತ್ತನ್ನು ಅಕ್ಷರಶಃ ಪಾಲಿಸಿದೆ. ಒಂದು ತಿಂಗಳೂ ತಪ್ಪಿಸಲಿಲ್ಲ. ಆರನೆಯ ತಿಂಗಳ ಕೊನೆಗೆ ತೂಕ 98 ಕಿಲೊ, ಬಿಎಂಐ 39.3. ಕಡತ ನಿಮ್ಮ ಕಚೇರಿಗೆ ಹೋಯಿತು. ಹತ್ತು ದಿನಗಳ ನಂತರ ಬಂದ ಉತ್ತರದಲ್ಲಿ ಒಂದೇ ಸಾಲು: ಅರ್ಜಿದಾರರು ನಿಗದಿತ ಮಾನದಂಡವನ್ನು ಪೂರೈಸುವುದಿಲ್ಲ.

ಆಸ್ಪತ್ರೆಯಲ್ಲಿ ವಿಮೆಯ ಕಾಗದಪತ್ರ ನೋಡಿಕೊಳ್ಳುವ ಮೇಜಿನ ಹಿಂದೆ ಒಬ್ಬ ಹುಡುಗ ಕೂರುತ್ತಿದ್ದ. ಒಳ್ಳೆಯ ಮನಸ್ಸಿನವನು. ಉತ್ತರವನ್ನು ಎರಡು ಸಲ ಓದಿದ, ಕ್ಯಾಲ್ಕುಲೇಟರ್ ಒತ್ತಿದ, ಸುತ್ತ ನೋಡಿ ದನಿ ತಗ್ಗಿಸಿ ಹೇಳಿದ: "ಮೇಡಂ, ಎರಡೇ ಎರಡು ಕಿಲೊ ಹೆಚ್ಚಿಸಿಕೊಂಡು ಬನ್ನಿ. ಮತ್ತೆ ಕಳಿಸೋಣ."

ಅವನ ಮೇಲೆ ನನಗೆ ಕೋಪವಿಲ್ಲ. ಅವನು ಕಂಡಿದ್ದ ದಾರಿ ಅದೊಂದೇ. ಆದರೆ ಆ ಮಾತು ಕೇಳಿ ಆ ಕುರ್ಚಿಯಿಂದ ಏಳಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಇಪ್ಪತ್ತು ವರ್ಷಗಳಿಂದ ಎಲ್ಲರೂ ನನಗೆ ತೂಕ ಇಳಿಸು ಎಂದೇ ಹೇಳಿದ್ದರು. ಹೆಚ್ಚಿಸಿಕೊಂಡು ಬಾ ಎಂದು ಹೇಳಿಸಿದ್ದು ನಿಮ್ಮ ಷರತ್ತು.

ಈ ಪತ್ರದಲ್ಲಿ ನಾನು ಹೇಳಬೇಕಾದದ್ದು ಇಷ್ಟು: ಶಸ್ತ್ರಚಿಕಿತ್ಸೆಗೆ ಸಿದ್ಧತೆ ಬೇಕು, ಬೇಕೇ ಬೇಕು, ಆದರೆ ನೀವು ನಮ್ಮಿಂದ ಮಾಡಿಸುತ್ತಿರುವುದರಲ್ಲಿ ಹೆಚ್ಚಿನ ಪಾಲು ಬರೀ ಕಾಯುವಿಕೆ. ಸಿದ್ಧತೆ ಯಾವುದು, ಕಾಯಿಸುವುದು ಯಾವುದು ಎಂಬುದನ್ನು ಎರಡನ್ನೂ ಅನುಭವಿಸಿದವಳಾಗಿ ನಿಮ್ಮ ಮುಂದಿಡುತ್ತೇನೆ.

ಮೊದಲು ಸಿದ್ಧತೆಯ ಮಾತು. ನನಗೆ ಮಾಡಿದ್ದು ಸ್ಲೀವ್ ಶಸ್ತ್ರಚಿಕಿತ್ಸೆ. ಇದರಲ್ಲಿ ಜಠರದ ಮುಕ್ಕಾಲು ಪಾಲಿಗೂ ಹೆಚ್ಚನ್ನು ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಕಿರಿದಾದ ಒಂದು ಕೊಳವೆ. ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ತೆಗೆದುಹಾಕುವ ಭಾಗದಲ್ಲೇ. ತೆಗೆದದ್ದನ್ನು ಮತ್ತೆ ಜೋಡಿಸಲು ಬರುವುದಿಲ್ಲ. ಇಂಥ ಶಸ್ತ್ರಚಿಕಿತ್ಸೆಗೆ ಒಬ್ಬ ವ್ಯಕ್ತಿ ನಾಳೆಯೇ ಮಾಡಿ ಎಂದು ಬಂದರೆ ವೈದ್ಯರು ಒಪ್ಪಬಾರದು, ನೀವೂ ಹಣ ಕೊಡಬಾರದು. ಅಲ್ಲಿಯವರೆಗೆ ನಾವು ಒಂದೇ ಕಡೆ ಇದ್ದೇವೆ.

ಮೊದಲ ತಿಂಗಳಲ್ಲಿ ನಾನು ಸಿದ್ಧಳಿರಲಿಲ್ಲ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ. ಅದನ್ನು ತೋರಿಸಿಕೊಟ್ಟವರು ಮನಃಶಾಸ್ತ್ರಜ್ಞೆ. ಅವರನ್ನು ಕಾಣುವುದು ಬರೀ ಒಂದು ಸಹಿಗಾಗಿ ಎಂದುಕೊಂಡು ಹೋಗಿದ್ದೆ. ಅವರು ಕೇಳಿದರು: "ನೀವು ಹಸಿವಾದಾಗ ತಿನ್ನುತ್ತೀರಾ, ದಿನ ಮುಗಿಯಿತು ಎಂದು ತಿನ್ನುತ್ತೀರಾ?" ಉತ್ತರ ಕೊಡಲು ಆಗಲಿಲ್ಲ. ಮನೆಯವರೆಲ್ಲ ಮಲಗಿದ ಮೇಲೆ ಅಡುಗೆಮನೆಯ ದೀಪ ಹಾಕದೆ ನಿಂತು ತಿನ್ನುತ್ತಿದ್ದದ್ದು ನೆನಪಾಯಿತು. ಆ ಹೊತ್ತು ಮಾತ್ರ ನನ್ನದು ಎನಿಸುತ್ತಿತ್ತು. ಅದು ಜಠರದ ತೊಂದರೆಯಲ್ಲ. ಜಠರ ಕತ್ತರಿಸಿದರೆ ಹೋಗುವುದೂ ಇಲ್ಲ. ನಾಲ್ಕು ಭೇಟಿಗಳಲ್ಲಿ ಆ ಹೊತ್ತಿಗೆ ಬೇರೆ ಕೆಲಸ ಹುಡುಕಿಕೊಂಡೆ. ಆ ನಾಲ್ಕು ಭೇಟಿಗಳು ಇಲ್ಲದಿದ್ದರೆ ಶಸ್ತ್ರಚಿಕಿತ್ಸೆಯ ಆರು ತಿಂಗಳ ನಂತರ ನಾನು ಮತ್ತೆ ಕತ್ತಲಲ್ಲಿ ನಿಂತಿರುತ್ತಿದ್ದೆ.

ಆಹಾರತಜ್ಞೆ ಕಲಿಸಿದ್ದೂ ಅಷ್ಟೇ ನಿಜವಾದ ಸಿದ್ಧತೆ. ಚಿಕ್ಕ ಬಟ್ಟಲು, ಮಕ್ಕಳ ಚಮಚ, ಮೇಜಿನ ಮೇಲೆ ಗಡಿಯಾರ. ತುತ್ತು ಬಾಯಲ್ಲಿರುವಾಗ ಚಮಚ ಕೆಳಗಿಡಬೇಕು. ನುಣ್ಣಗಾಗುವವರೆಗೆ ಅಗಿಯಬೇಕು. ಊಟದ ಜೊತೆ ನೀರು ಕುಡಿಯಬಾರದು. ಊಟವಾಗಿ ಅರ್ಧ ಗಂಟೆ ಬಿಡಬೇಕು. ಓದಲು ಇದು ಸುಲಭ. ಮೊದಲ ವಾರ ನನಗೆ ಒಂದು ಊಟವನ್ನೂ ಇಪ್ಪತ್ತು ನಿಮಿಷಕ್ಕೆ ಎಳೆಯಲು ಆಗಲಿಲ್ಲ. ಐದನೆಯ ನಿಮಿಷಕ್ಕೆ ಬಟ್ಟಲು ಖಾಲಿಯಾಗಿ ಗಡಿಯಾರ ನೋಡುತ್ತಾ ಕೂರುತ್ತಿದ್ದೆ. ಹಳೆಯ ಜಠರ ಅವಸರದ ಊಟವನ್ನು ಸಹಿಸುತ್ತಿತ್ತು, ಹೊಸದು ಸಹಿಸುವುದಿಲ್ಲ, ವಾಂತಿಯಾಗುತ್ತದೆ. ಆ ಅಭ್ಯಾಸವನ್ನು ಹೊಲಿಗೆ ಹಾಕಿಸಿಕೊಂಡ ಮೇಲೆ ಕಲಿಯುವುದು ಕ್ರೌರ್ಯ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಅಷ್ಟು ಚಿಕ್ಕ ಜಾಗದಲ್ಲಿ ಹೇಗೆ ಹಿಡಿಸುವುದು, ಬಿ12, ಡಿ ಜೀವಸತ್ವಗಳ ಮತ್ತು ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳನ್ನು ಬದುಕಿರುವವರೆಗೂ ಏಕೆ ಬಿಡಬಾರದು, ವಾಂತಿ ನಿಲ್ಲದಿದ್ದರೆ ಥಯಾಮಿನ್ ಎಂಬ ಬಿ1 ಜೀವಸತ್ವದ ಕೊರತೆಯಿಂದ ನರಗಳಿಗೆ ಏನಾಗುತ್ತದೆ, ಇದೆಲ್ಲ ಮೊದಲೇ ತಿಳಿದಿರಬೇಕಾದ ವಿಷಯ. ಹೊಗೆಸೊಪ್ಪು ಬಿಡುವುದು, ಮಕ್ಕಳು ಬೇಕೆನ್ನುವವರು ಶಸ್ತ್ರಚಿಕಿತ್ಸೆಯ ನಂತರ ಒಂದರಿಂದ ಒಂದೂವರೆ ವರ್ಷ ಗರ್ಭಧಾರಣೆಯನ್ನು ಮುಂದೂಡುವುದು ಕೂಡ ಇದೇ ಪಾಠದ ಭಾಗ.

ಕೊನೆಯ ಎರಡು ವಾರಗಳ ಕಡಿಮೆ ಕ್ಯಾಲೊರಿಯ ಪಥ್ಯದ ಬಗ್ಗೆ ನನಗೆ ಎಳ್ಳಷ್ಟೂ ತಕರಾರಿಲ್ಲ. ಯಕೃತ್ತಿನ ಎಡಭಾಗ ಜಠರದ ಮೇಲೆ ಹೊದಿಕೆಯಂತೆ ಮಲಗಿರುತ್ತದೆ. ನನ್ನಂಥವರಲ್ಲಿ ಅದು ಕೊಬ್ಬು ತುಂಬಿ ಉಬ್ಬಿರುತ್ತದೆ. ಶಸ್ತ್ರಚಿಕಿತ್ಸಕರು ಸಣ್ಣ ರಂಧ್ರಗಳ ಮೂಲಕ ಒಳಗೆ ಹೋಗಿ ಮೊದಲು ಆ ಯಕೃತ್ತನ್ನು ಮೇಲೆತ್ತಿ ಹಿಡಿಯಬೇಕು. ಎರಡು ವಾರದ ಪಥ್ಯದಲ್ಲಿ ಅದು ಕುಗ್ಗುತ್ತದೆ, ಕೆಲಸ ಮಾಡುವವರಿಗೆ ಜಾಗ ಸಿಗುತ್ತದೆ, ರಕ್ತಸ್ರಾವದ ಅಪಾಯ ಕಡಿಮೆಯಾಗುತ್ತದೆ. ವೈದ್ಯರು ಕಾಗದದ ಮೇಲೆ ಚಿತ್ರ ಬರೆದು ಇದನ್ನು ವಿವರಿಸಿದರು. ಹಸಿವಿನಲ್ಲಿ ಆ ಚಿತ್ರವನ್ನೇ ನೆನೆಯುತ್ತಿದ್ದೆ. ಏಕೆ ಎಂಬುದು ಗೊತ್ತಿದ್ದ ಪಥ್ಯ ಅದು.

ಇನ್ನು ನಿಮ್ಮ ಆರು ತಿಂಗಳ ಪಥ್ಯ ಏಕೆ? ಈ ಪ್ರಶ್ನೆಗೆ ನನಗೆ ಯಾರೂ ಉತ್ತರ ಕೊಡಲಿಲ್ಲ. ಮೂರು ತಿಂಗಳಲ್ಲ, ಒಂಬತ್ತಲ್ಲ, ಆರೇ ಏಕೆ? ನನ್ನ ಆಹಾರತಜ್ಞೆ ಕಲಿಸಬೇಕಾದದ್ದನ್ನೆಲ್ಲ ಮೂರನೆಯ ತಿಂಗಳೊಳಗೆ ಕಲಿಸಿ ಮುಗಿಸಿದ್ದರು. ಉಳಿದ ಮೂರು ತಿಂಗಳು ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿ, ತೂಕ ಬರೆದು, ಸಹಿ ಹಾಕಿ ಏಳುತ್ತಿದ್ದೆವು. ಬೊಜ್ಜಿನ ಶಸ್ತ್ರಚಿಕಿತ್ಸೆಯ ಅಮೆರಿಕದ ವೈದ್ಯರ ಸಂಘ 2011ರಲ್ಲೇ ಈ ಕಡ್ಡಾಯ ಪಥ್ಯಕ್ಕೆ ವೈದ್ಯಕೀಯ ಆಧಾರವಿಲ್ಲ ಎಂದಿತ್ತು. 2016ರಲ್ಲಿ ಇನ್ನೂ ಖಾರವಾಗಿ, ವಿಮಾ ಸಂಸ್ಥೆಗಳು ಹೇರುವ ಈ ಷರತ್ತು ಅನೈತಿಕ, ಇದನ್ನು ಕೈಬಿಡಬೇಕು ಎಂದು ಬರೆಯಿತು. ಆ ಹೇಳಿಕೆಯನ್ನು ನೀವು ಓದಿರುತ್ತೀರಿ, ನೀವೂ ವೈದ್ಯರು.

ಬಿಎಂಐ ಎಂಬ ಸಂಖ್ಯೆಯ ಬಗ್ಗೆಯೂ ಒಂದು ಮಾತು. ತೂಕವನ್ನು ಎತ್ತರದ ವರ್ಗದಿಂದ ಭಾಗಿಸುವ ಈ ಸೂತ್ರ ಹತ್ತೊಂಬತ್ತನೆಯ ಶತಮಾನದ ಬೆಲ್ಜಿಯಂ ಗಣಿತಜ್ಞ ಅಡಾಲ್ಫ್ ಕೆಟ್ಲೆ ಅವರದು. ಅವರು ಹುಡುಕುತ್ತಿದ್ದದ್ದು ಜನಸಮೂಹದ ಸರಾಸರಿ ಮನುಷ್ಯನನ್ನು. ರೋಗಿಯೊಬ್ಬರ ಚಿಕಿತ್ಸೆಯನ್ನು ನಿರ್ಧರಿಸಲು ಅವರು ಇದನ್ನು ಮಾಡಿರಲಿಲ್ಲ. ನೀವು ಹಿಡಿದಿರುವ 40ರ ಗೆರೆ 1991ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ತಜ್ಞರ ಸಭೆ ಹೇಳಿದ್ದು: 40 ಇದ್ದರೆ ಸರಿ, ಗಂಭೀರ ಕಾಯಿಲೆ ಜೊತೆಗಿದ್ದರೆ 35 ಸಾಕು. ಆಗ ಹೊಟ್ಟೆಯನ್ನು ಉದ್ದಕ್ಕೆ ಸೀಳಿ ಮಾಡುತ್ತಿದ್ದ ಶಸ್ತ್ರಚಿಕಿತ್ಸೆ ಇಂದು ಕೆಲವು ಸಣ್ಣ ರಂಧ್ರಗಳ ಮೂಲಕ ಮುಗಿಯುತ್ತದೆ. 2022ರಲ್ಲಿ ಅದೇ ಅಮೆರಿಕದ ಸಂಘವೂ ಇದೇ ಶಸ್ತ್ರಚಿಕಿತ್ಸೆಯ ಅಂತಾರಾಷ್ಟ್ರೀಯ ಒಕ್ಕೂಟವೂ ಸೇರಿ ಗೆರೆಯನ್ನು ಬದಲಿಸಿದವು: 35 ಇದ್ದರೆ ಬೇರೆ ಕಾಯಿಲೆ ಇರಲಿ ಬಿಡಲಿ ಶಸ್ತ್ರಚಿಕಿತ್ಸೆಯನ್ನು ಶಿಫಾರಸು ಮಾಡಬೇಕು, ಮಧುಮೇಹದಂಥ ಕಾಯಿಲೆ ಇದ್ದರೆ 30ರಿಂದಲೇ ಯೋಚಿಸಬಹುದು, ಏಷ್ಯಾ ಮೂಲದವರಿಗೆ 27.5ರಿಂದಲೇ ಇದನ್ನು ಮುಂದಿಡಬೇಕು. ಈ ಮೂರರಲ್ಲಿ ಯಾವುದನ್ನು ಹಿಡಿದರೂ ನಾನು ಅರ್ಹಳೇ. ಮೂವತ್ತು ವರ್ಷ ಹಳೆಯ ಗೆರೆಯ ಕೆಳಗೆ ಮಾತ್ರ ನಾನು ಜಾರಿಬಿದ್ದೆ, ಅದೂ ನೀವು ಹೇಳಿದ ಪಥ್ಯ ಮಾಡಿ.

ಈಗ ನಿಮ್ಮ ಷರತ್ತುಗಳು ಕೇಳದೆ ಬಿಟ್ಟದ್ದನ್ನು ಹೇಳುತ್ತೇನೆ. ಇದನ್ನು ಬರೆಯುವಾಗ ಈಗಲೂ ಕೈ ನಡುಗುತ್ತದೆ.

ನನ್ನ ಮಗಳಿಗೆ ಹದಿನಾಲ್ಕು ವರ್ಷ. ಆ ಆರು ತಿಂಗಳಲ್ಲಿ ಅವಳು ತನ್ನ ಕೋಣೆ ಬಿಟ್ಟು ನನ್ನ ಪಕ್ಕದಲ್ಲಿ ಮಲಗಲು ಶುರುಮಾಡಿದ್ದಳು. ಪ್ರೀತಿಯಿಂದ ಬರುತ್ತಾಳೆ ಎಂದುಕೊಂಡಿದ್ದೆ. ತಿರಸ್ಕಾರದ ಪತ್ರ ಬಂದ ರಾತ್ರಿ ಅವಳು ಹೇಳಿದಳು: "ಅಮ್ಮಾ, ನೀನು ನಿದ್ದೆಯಲ್ಲಿ ಉಸಿರಾಡುವುದನ್ನೇ ನಿಲ್ಲಿಸಿಬಿಡುತ್ತೀಯ. ನಾನು ಎಣಿಸುತ್ತೇನೆ. ಮೂವತ್ತು ದಾಟಿದರೆ ಅಲುಗಾಡಿಸುತ್ತೇನೆ."

ಮರುದಿನವೇ ವೈದ್ಯರಿಗೆ ಹೇಳಿದೆ. ನಿದ್ರಾ ಪರೀಕ್ಷೆ ಬರೆದರು. ತಲೆಗೆ, ಎದೆಗೆ, ಬೆರಳಿಗೆ ತಂತಿ ಅಂಟಿಸಿ ಒಂದು ರಾತ್ರಿ ಮಲಗಿಸಿದರು. ಗಂಟೆಗೆ ಸರಾಸರಿ 34 ಸಲ ನನ್ನ ಉಸಿರು ನಿಲ್ಲುತ್ತಿತ್ತು ಅಥವಾ ಕುಗ್ಗುತ್ತಿತ್ತು. 30 ದಾಟಿದರೆ ಅದನ್ನು ತೀವ್ರ ನಿದ್ರಾ ಉಸಿರುಕಟ್ಟು ಎನ್ನುತ್ತಾರೆ. ಪಾಲಿಸಿಯಲ್ಲಿ 35ರ ಗೆರೆಗೆ ಬೇಕಾದ ಗಂಭೀರ ಕಾಯಿಲೆಗಳ ಪೈಕಿ ಅದೂ ಒಂದು. ಅಂದರೆ ಮೊದಲ ದಿನವೇ ನಾನು ಎರಡೂ ದಾರಿಯಿಂದ ಅರ್ಹಳಾಗಿದ್ದೆ. ಆರು ತಿಂಗಳು ಯಾರಿಗೂ ಗೊತ್ತಿರಲಿಲ್ಲ, ಒಂದು ಮಗುವನ್ನು ಬಿಟ್ಟು.

ಅರಿವಳಿಕೆ ತಜ್ಞರು ಆ ವರದಿ ನೋಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಇದು ಗೊತ್ತಿಲ್ಲದೆ ಅರಿವಳಿಕೆ ಕೊಟ್ಟಿದ್ದರೆ ಎಚ್ಚರವಾಗುವ ಹೊತ್ತಿನಲ್ಲಿ ತೊಂದರೆಯಾಗಬಹುದಿತ್ತು ಎಂದರು. ಶಸ್ತ್ರಚಿಕಿತ್ಸೆಗೆ ಮುನ್ನ ಉಸಿರಾಟದ ಯಂತ್ರದ ಮುಖವಾಡ ಹಾಕಿ ಮಲಗಿಸುವ ವ್ಯವಸ್ಥೆ ಮಾಡಿದರು. ನೋಡಿ, ಸಿದ್ಧತೆ ಎಂದರೆ ಇದು. ಮೊದಲ ವಾರದಲ್ಲಿ ಆಗಬೇಕಾದದ್ದು ಏಳನೆಯ ತಿಂಗಳಲ್ಲಿ ಆಯಿತು. ಕೇಳಬೇಕಿದ್ದವರಲ್ಲಿ ಆಸ್ಪತ್ರೆಯವರೂ ಇದ್ದರು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಎಲ್ಲರ ಕಣ್ಣೂ ನೀವು ಕೇಳಿದ ಆರು ತೂಕಗಳ ಮೇಲೆ ಇತ್ತು. ನೀವು ಏನು ಕೇಳುತ್ತೀರೋ ಆಸ್ಪತ್ರೆ ಅದನ್ನೇ ಅಳೆಯುತ್ತದೆ.

ಮೇಲ್ಮನವಿ ಸಲ್ಲಿಸಿದೆವು. ನಿದ್ರಾ ಪರೀಕ್ಷೆಯ ವರದಿ, ಮೊದಲ ದಿನದ ತೂಕ, ಶಸ್ತ್ರಚಿಕಿತ್ಸಕರ ಪತ್ರ ಎಲ್ಲವನ್ನೂ ಲಗತ್ತಿಸಿದೆವು. ಶಸ್ತ್ರಚಿಕಿತ್ಸಕರು ನಿಮ್ಮಂಥ ಒಬ್ಬ ವೈದ್ಯಾಧಿಕಾರಿಯ ಜೊತೆ ದೂರವಾಣಿಯಲ್ಲಿ ಹನ್ನೆರಡು ನಿಮಿಷ ಮಾತನಾಡಿದರು. ಆರು ತಿಂಗಳಲ್ಲಿ ಆಗದಿದ್ದದ್ದು ಆ ಹನ್ನೆರಡು ನಿಮಿಷದಲ್ಲಿ ಆಯಿತು. ಆ ಅಧಿಕಾರಿ ಯಾರೋ ನನಗೆ ತಿಳಿಯದು. ಅವರು ವರದಿಯನ್ನು ಓದಿದರು, ಅದಕ್ಕಾಗಿ ಅವರಿಗೆ ನಾನು ಕೃತಜ್ಞಳು.

ನೀವು ಹೆದರುವುದು ಯಾವುದಕ್ಕೆ ಎಂದು ನಾನು ಯೋಚಿಸಿದ್ದೇನೆ. ಅಪಾಯಕ್ಕಾದರೆ, ಅಮೆರಿಕದ ಹತ್ತು ಕೇಂದ್ರಗಳಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದ 4,776 ಜನರನ್ನು ಗಮನಿಸಿ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೂವತ್ತು ದಿನಗಳೊಳಗಿನ ಸಾವು ಶೇ 0.3. ಪ್ರಯೋಜನವಿಲ್ಲ ಎಂಬುದಕ್ಕಾದರೆ, ಸ್ವೀಡನ್‌ನಲ್ಲಿ 1987ರಿಂದ ನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನು ಹಿಂಬಾಲಿಸಿದ ಅಧ್ಯಯನ, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಸಾವು ಕಡಿಮೆ ಎಂಬುದನ್ನು 2007ರಲ್ಲಿ ತೋರಿಸಿತು. ಇಚ್ಛಾಶಕ್ತಿ ಇಲ್ಲದವರಿಗೆ ಹಣ ಕೊಟ್ಟಂತಾಗುತ್ತದೆ ಎಂಬುದು ನಿಮ್ಮ ಅಂಜಿಕೆಯಾಗಿದ್ದರೆ, ತೂಕ ಇಳಿದಂತೆ ದೇಹ ಹಸಿವಿನ ಹಾರ್ಮೋನುಗಳನ್ನು ಏರಿಸಿ ಶಕ್ತಿಯ ಖರ್ಚನ್ನು ಕಡಿಮೆ ಮಾಡುತ್ತದೆ ಎಂಬ ಪಾಠವನ್ನು ವೈದ್ಯಕೀಯ ಕಾಲೇಜಿನಲ್ಲಿ ಕಲಿತವರು ನೀವು. ನಾನು ಮೈಮೇಲೆ ಕಲಿತವಳು. ಐದು ಸಲ ಹತ್ತು ಹನ್ನೆರಡು ಕಿಲೊ ಇಳಿಸಿದ್ದೇನೆ. ಐದು ಸಲವೂ ಅದು ಬಡ್ಡಿ ಸಮೇತ ಮರಳಿ ಬಂದಿದೆ.

ಹಾಗಾಗಿ ನಾನು ಕೇಳುವುದು ದೊಡ್ಡದೇನಲ್ಲ. ಅರ್ಹತೆಯನ್ನು ಮೊದಲ ಭೇಟಿಯ ತೂಕದ ಮೇಲೆ ನಿರ್ಧರಿಸಿ ಅಲ್ಲೇ ಮುದ್ರೆ ಒತ್ತಿಬಿಡಿ. ಆಮೇಲೆ ಇಳಿದ ಪ್ರತಿ ಕಿಲೊ ರೋಗಿಯ ಗಳಿಕೆಯಾಗಿ ಉಳಿಯಲಿ. ಸಿದ್ಧತೆಗೆ ಎಷ್ಟು ಕಾಲ ಬೇಕು ಎಂಬುದನ್ನು ನೋಡುತ್ತಿರುವ ವೈದ್ಯರು, ಆಹಾರತಜ್ಞರು, ಮನಃಶಾಸ್ತ್ರಜ್ಞರು ಹೇಳಲಿ. ಒಬ್ಬರಿಗೆ ಎರಡು ತಿಂಗಳು ಸಾಕು, ಇನ್ನೊಬ್ಬರಿಗೆ ಒಂದು ವರ್ಷವೂ ಬೇಕಾದೀತು. ಏನೇನು ಬೇಕು ಎಂಬ ಪೂರ್ಣ ಪಟ್ಟಿಯನ್ನು ಮೊದಲ ದಿನವೇ ಲಿಖಿತವಾಗಿ ಕೊಡಿ. ನಿದ್ರಾ ಪರೀಕ್ಷೆ, ಸಕ್ಕರೆಯ ಪರೀಕ್ಷೆ, ಹೃದಯದ ಪರೀಕ್ಷೆ ಆ ಪಟ್ಟಿಯ ತಲೆಯಲ್ಲಿರಲಿ. ತಿರಸ್ಕರಿಸಲೇಬೇಕಾದರೆ ಯಾವ ಷರತ್ತು, ಯಾವ ವರದಿ, ಎಷ್ಟು ಕೊರತೆ ಎಂಬುದನ್ನು ಬರೆಯಿರಿ, ಮೇಲ್ಮನವಿಗೆ ಎಷ್ಟು ದಿನ ಇದೆ ಎಂಬುದನ್ನೂ ಬರೆಯಿರಿ. ಆ ಹನ್ನೆರಡು ನಿಮಿಷದ ಮಾತುಕತೆ ತಿರಸ್ಕಾರಕ್ಕೆ ಮೊದಲೇ ನಡೆಯಲಿ.

ಈ ಪತ್ರವನ್ನು ನನ್ನಂತೆ ಕಾಯುತ್ತಿರುವವರೂ ಓದುತ್ತಿರಬಹುದು. ಅವರಿಗೂ ಎರಡು ಮಾತು. ಪಾಲಿಸಿಯ ಹೊರಗಿಡುವಿಕೆಗಳ ಪುಟವನ್ನು ನೀವೇ ಓದಿ, ಏಜೆಂಟರ ಬಾಯಿಮಾತನ್ನು ನೆಚ್ಚಬೇಡಿ. ಮೊದಲ ದಿನದ ಎತ್ತರ, ತೂಕವನ್ನು ವೈದ್ಯರ ಸಹಿ, ದಿನಾಂಕದೊಡನೆ ಬರೆಸಿಕೊಳ್ಳಿ. ನನ್ನನ್ನು ಕೊನೆಗೆ ಉಳಿಸಿದ ಕಾಗದಗಳಲ್ಲಿ ಅದೂ ಒಂದು. ಹಿಂದಿನ ವರ್ಷಗಳಲ್ಲಿ ತೂಕ ಇಳಿಸಲು ಮಾಡಿದ ಪ್ರಯತ್ನಗಳ ಚೀಟಿಗಳನ್ನು ಎಸೆಯಬೇಡಿ. ನಾನು ಗೊರಕೆ ಹೊಡೆಯುತ್ತೇನಾ, ಹಗಲಲ್ಲಿ ಕೂತಲ್ಲೇ ತೂಕಡಿಸುತ್ತೇನಾ ಎಂದು ಪಕ್ಕದಲ್ಲಿ ಮಲಗುವವರನ್ನು ಕೇಳಿ, ವೈದ್ಯರಿಗೆ ನೀವಾಗಿಯೇ ಹೇಳಿ. ಫೋನಿನಲ್ಲಿ ಯಾರ ಜೊತೆ ಮಾತನಾಡಿದಿರಿ, ಯಾವ ದಿನ, ಏನು ಹೇಳಿದರು ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮೊದಲ ತಿರಸ್ಕಾರವನ್ನು ಕೊನೆಯ ತೀರ್ಪು ಎಂದುಕೊಂಡು ಫೈಲು ಕಟ್ಟಿಡಬೇಡಿ.

ನನ್ನ ಶಸ್ತ್ರಚಿಕಿತ್ಸೆ ಆಗಿ ಎಂಟು ತಿಂಗಳಾಯಿತು. ಮೂರನೆಯ ತಿಂಗಳಿನಿಂದ ಕೂದಲು ಉದುರಿತು, ಅದು ಮೊದಲೇ ಹೇಳಿದ್ದ ವಿಷಯವಾದ್ದರಿಂದ ಹೆದರಲಿಲ್ಲ. ಮಗಳು ಮತ್ತೆ ತನ್ನ ಕೋಣೆಯಲ್ಲಿ ಮಲಗುತ್ತಾಳೆ.

ಆದರೆ ನಾನು ಈ ಪತ್ರ ಬರೆಯಲು ಕೂತದ್ದು ಇನ್ನೊಬ್ಬರ ನೆನಪಿನಿಂದ. ತೂಕ ನೋಡುವ ಕೋಣೆಯ ಹೊರಗಿನ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬರು ಕೂರುತ್ತಿದ್ದರು. ನೀಲಿ ಫೈಲು, ಅದಕ್ಕೆ ರಬ್ಬರ್ ಬ್ಯಾಂಡ್. ಮಂಡಿ ನೋವಿನಿಂದ ಮೆಟ್ಟಿಲು ಹತ್ತಲಾಗದೆ ಲಿಫ್ಟಿಗಾಗಿ ಕಾಯುತ್ತಿದ್ದವರು. ನಾಲ್ಕು ತಿಂಗಳು ತಪ್ಪದೆ ಬಂದರು. ಐದನೆಯ ತಿಂಗಳು ಅವರ ತಂದೆ ಹಾಸಿಗೆ ಹಿಡಿದರು. ಆ ತಿಂಗಳ ಭೇಟಿ ತಪ್ಪಿತು. ಸತತ ಆರು ತಿಂಗಳು ಎಂಬುದು ಷರತ್ತು, ಆದ್ದರಿಂದ ಎಣಿಕೆ ಒಂದರಿಂದ ಮತ್ತೆ ಶುರುವಾಗಬೇಕು ಎಂದು ವಿಮಾ ಸಂಸ್ಥೆ ತಿಳಿಸಿತು. ಅವರು ಒಮ್ಮೆ ಬಂದು ಬೆಂಚಿನಲ್ಲಿ ಕೂತು ಆ ಪತ್ರವನ್ನು ನನಗೆ ತೋರಿಸಿದರು. ಮತ್ತೆ ಬರಲಿಲ್ಲ.

ಅವರ ಕಡತ ನಿಮ್ಮಲ್ಲಿ ಯಾರೋ ಒಬ್ಬರ ಬಳಿ ಮುಗಿದ ಕಡತಗಳ ನಡುವೆ ಇರಬೇಕು. ಅದರಲ್ಲಿ ನಾಲ್ಕು ಭೇಟಿಗಳ ಸಹಿ ಇದೆ. ದಯವಿಟ್ಟು ಅದನ್ನು ತೆಗೆದು ನೋಡಿ. ಎಣಿಕೆಯನ್ನು ಐದರಿಂದ ಮುಂದುವರಿಸಿ ಎಂದು ಅವರಿಗೆ ಒಂದು ಪತ್ರ ಬರೆಯಿರಿ.

ಇಂತಿ,
ನಿಮ್ಮ ಪಾಲಿಸಿದಾರರಲ್ಲಿ ಒಬ್ಬಳು